ಆಣೆ ಹಾಕಿಸಬೇಡಿ, ಬಾಗಿಲವರೆಗೆ ಜೊತೆಗೆ ಹೋಗಿ



ಮೂರು ದಶಕಗಳ ಕಾಲ ತರಗತಿಯಲ್ಲಿ ನಿಂತು ಮಾತನಾಡಿದವನಿಗೆ, ಬುದ್ಧಿ ಹೇಳಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆ ಅಂಟಿಕೊಳ್ಳುವುದು ಸಹಜ. ನನಗೂ ಅದು ಅಂಟಿಕೊಂಡಿತ್ತು. ಅದು ಕಳಚಿಬಿದ್ದ ಬಗೆಯನ್ನು ಇಂದು ಹೇಳಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬನ ಪತ್ನಿ ನಮ್ಮ ಮನೆಗೆ ಬಂದು ಕಣ್ಣೀರಿಟ್ಟರು. ಗಂಡನ ಕುಡಿತ ಮಿತಿಮೀರಿತ್ತು. "ನಿಮ್ಮ ಮಾತನ್ನಾದರೂ ಕೇಳಿಯಾರು ಮೇಷ್ಟ್ರೇ" ಎಂದರು. ಅವನನ್ನು ಕರೆಸಿ ಒಂದು ಗಂಟೆ ಉಪದೇಶ ಮಾಡಿದೆ. ದೇವರ ಪಟದ ಮುಂದೆ ಆಣೆಯನ್ನೂ ಹಾಕಿಸಿದೆ. ಆ ಆಣೆ ಹನ್ನೊಂದು ದಿನ ಉಳಿಯಿತು. ಅನಂತರ ಅವನು ಮತ್ತೆ ಕುಡಿದ. ನನಗೆ ಮುಖ ತೋರಿಸಲಾಗದೆ ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ. ಅವನಿಗಿದ್ದ ಒಂದು ಆಸರೆಯನ್ನು ನನ್ನ ಆಣೆಯೇ ಕಿತ್ತುಕೊಂಡಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಎರಡು ವರ್ಷಗಳ ಬಳಿಕ ಅವನೇ ನಗುಮುಖದಿಂದ ಬಂದ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ವೈದ್ಯರ ಸಲಹೆಯಂತೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗುತ್ತಿದ್ದನಂತೆ. ಮೊದಲ ದಿನ, ಯಾರಾದರೂ ನೋಡಿಯಾರೆಂದು ಆ ಕಟ್ಟಡವನ್ನು ಮೂರು ಸುತ್ತು ಹಾಕಿ ಒಳಗೆ ಹೋದನಂತೆ. ಇತರರಿಗೂ ಪ್ರವೇಶವಿರುವ ಒಂದು 'ತೆರೆದ ಸಭೆ'ಗೆ ನನ್ನನ್ನೂ ಕರೆದೊಯ್ದ. ಅಲ್ಲಿ ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಅದು ಆ ಸಭೆಯ ಧರ್ಮ. ಇಷ್ಟನ್ನು ಮಾತ್ರ ಹೇಳಬಲ್ಲೆ: ಒಂದೂವರೆ ಗಂಟೆಯಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಕಥೆಯನ್ನಷ್ಟೇ ಹೇಳಿದರು.

ಈ ಕೂಟದ ಹುಟ್ಟಿನಲ್ಲಿಯೇ ಆ ಗುಟ್ಟಿದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ವಿಲ್ಸನ್ ಎಂಬಾತ, ತಾನು ಮತ್ತೆ ಕುಡಿದುಬಿಟ್ಟೇನೆಂಬ ಭಯದಿಂದ ತನ್ನಂತಹ ಮತ್ತೊಬ್ಬನನ್ನು ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ವಿಲ್ಸನ್ ಹೋದದ್ದು ಇನ್ನೊಬ್ಬನನ್ನು ತಿದ್ದಲಿಕ್ಕಲ್ಲ, ತಾನು ಉಳಿಯಲಿಕ್ಕೆ. ಆ ಇಬ್ಬರ ಮಾತುಕತೆಯಿಂದ ಬೆಳೆದ ಕೂಟ 1957ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂತು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ರೋಗಿಗಳನ್ನು ಕ್ರಮಬದ್ಧವಾಗಿ ಈ ಸಭೆಗಳತ್ತ ಒಯ್ಯುವ ಚಿಕಿತ್ಸೆಯು, ಸಂಪೂರ್ಣವಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಇತರ ಮನಶ್ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತೆಂದು ಅದು ಹೇಳಿತು.

ಹಾಗಿದ್ದೂ ನಮ್ಮವರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಮೊದಲ ಕಾರಣ ಮರ್ಯಾದೆ. ಆದರೆ ಅನಾಮಧೇಯತೆಯೇ ಈ ಕೂಟದ ಹೆಸರು. ಅಲ್ಲಿ ಮನೆತನ, ಜಾತಿ, ಹುದ್ದೆ ಯಾವುದನ್ನೂ ಕೇಳುವುದಿಲ್ಲ, ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಎರಡನೆಯದು, ಅನೇಕ ಸಭೆಗಳು ಚರ್ಚಿನ ಅಥವಾ ಶಾಲೆಯ ಕೊಠಡಿಗಳಲ್ಲಿ ನಡೆಯುವುದರಿಂದ ಹುಟ್ಟುವ ಅನುಮಾನ. ಈ ಕೂಟ ಯಾವ ಮತಕ್ಕೂ ಸೇರಿದುದಲ್ಲ. ಅಲ್ಲಿ ದೇವರ ಮಾತು ಬರುತ್ತದೆ, ನಿಜ. ಆದರೆ ಅದನ್ನು ಅವರವರು ತಿಳಿದಂತೆ ಅರ್ಥಮಾಡಿಕೊಳ್ಳುವ ಸ್ವಾತಂತ್ರ್ಯವಿದೆ.

ಹುಡುಕುವುದು ಕಷ್ಟವೇನಲ್ಲ. ಸಂಸ್ಥೆಯ ಭಾರತೀಯ ಜಾಲತಾಣವನ್ನು ನೋಡಬಹುದು. ಸಮೀಪದ ವ್ಯಸನಮುಕ್ತಿ ಕೇಂದ್ರದಲ್ಲಿಯೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ವಿಚಾರಿಸಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ನಮ್ಮ ಹಳ್ಳಿಗಳ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿವೆ. ಅಲ್ಲಿಂದ ಬಂದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಮೊದಲ ಸಭೆ ಒಗ್ಗದಿದ್ದರೆ ಬೇರೊಂದು ಗುಂಪಿಗೆ ಹೋಗಿ. ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ.

ಒಂದು ಎಚ್ಚರಿಕೆಯ ಮಾತು. ಬಹುಕಾಲ ನಿತ್ಯವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್, ಚಿತ್ತಭ್ರಮೆ ಬರಬಹುದು, ಪ್ರಾಣಾಪಾಯವೂ ಉಂಟು. ಆದುದರಿಂದ ಮೊದಲು ವೈದ್ಯರನ್ನು ಕಾಣಬೇಕು. ಸಭೆ ಔಷಧಕ್ಕೆ ಬದಲಿಯಲ್ಲ. ನಾನು ಆಣೆ ಹಾಕಿಸಿದ ದಿನ ಈ ವಿಷಯ ನನಗೆ ತಿಳಿದಿರಲಿಲ್ಲವೆಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೋ! ಆ ಸಭೆಯಲ್ಲಿ ಅರುವತ್ತರ ಮರಗಳು ಬಗ್ಗಿದ್ದನ್ನು ಕಣ್ಣಾರೆ ಕಂಡೆ. ಅವರು ಮತ್ತೆ ಜಾರುವುದೂ ಉಂಟು. ಜಾರಿದವರಿಗೂ ಅಲ್ಲಿ ಅದೇ ಕುರ್ಚಿ ಕಾದಿರುತ್ತದೆ, "ಮತ್ತೆ ಬಂದೆಯಲ್ಲ, ಸಂತೋಷ" ಎಂಬ ಮಾತೂ ಕಾದಿರುತ್ತದೆ. ನಾನು ಆ ಹನ್ನೆರಡನೆಯ ದಿನ ನನ್ನ ವಿದ್ಯಾರ್ಥಿಗೆ ಹೇಳಬೇಕಾಗಿದ್ದದ್ದು ಅದನ್ನೇ.

ಇದನ್ನು ಬರೆಯಲು ಅವನು ಒಪ್ಪಿಗೆ ಕೊಟ್ಟಿದ್ದಾನೆ. ಅವನು ಯಾರೆಂದು ದಯವಿಟ್ಟು ಊಹಿಸಬೇಡಿ, ನನ್ನನ್ನೂ ಕೇಳಬೇಡಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಆಣೆ ಹಾಕಿಸುವ ಬದಲು ಆ ಬಾಗಿಲವರೆಗೆ ಜೊತೆಗೆ ಹೋಗಿ, ಹೊರಗೆ ಕುಳಿತು ಕಾಯಿರಿ. ಜೊತೆಗೆ ಯಾರೂ ಇಲ್ಲವೆಂದರೆ ನನಗೆ ತಿಳಿಸಿ. ನಿವೃತ್ತನಾದವನಿಗೆ ಸಮಯದ ಅಭಾವವಿಲ್ಲ.

ನಿಮ್ಮ ಮೇಷ್ಟ್ರು