ಹೆಸರಿನ ಹೋಲಿಕೆ: ನಿಯಮದಲ್ಲಿ ಕನ್ನಡಕ್ಕೆ ಎಡೆಯೆಲ್ಲಿ?

ನೋಂದಾಯಿತ ಕಂಪನಿಯ ಹೆಸರನ್ನು ಅತಿಯಾಗಿ ಹೋಲುವ ಹೆಸರು ಹೊಸ ಕಂಪನಿಗೆ ಸಲ್ಲದೆಂಬುದು 2013ರ ಕಂಪನಿ ಕಾಯ್ದೆಯ 4ನೇ ಕಲಮಿನ ಆಶಯ. ಏಕವಚನವನ್ನು ಬಹುವಚನ ಮಾಡಿದರೂ, ಕಾಗುಣಿತ ತಿರುಚಿದರೂ ಅದು ಬೇರೆ ಹೆಸರಾಗದೆಂದು 2014ರ ಕಂಪನಿ ಸ್ಥಾಪನಾ ನಿಯಮಗಳ 8ನೇ ನಿಯಮ ವಿವರಿಸುತ್ತದೆ. ಇದು ಸ್ವಾಗತಾರ್ಹ.

ಆದರೆ ಪೂರ್ಣ ಅನುವಾದದ ವಿಚಾರದಲ್ಲಿ ನಿಯಮ ಹೆಸರಿಸಿರುವುದು ಹಿಂದಿ, ಇಂಗ್ಲಿಷ್‌ಗಳನ್ನು ಮಾತ್ರ. ಉದಾಹರಣೆಗೆ, ‘ಗೋಲ್ಡನ್ ಲೋಟಸ್’ ಎಂಬ ಕಂಪನಿಯಿದ್ದರೆ ‘ಸ್ವರ್ಣ ಕಮಲ್’ಗೆ ತಡೆಯುಂಟು, ‘ಹೊಂದಾವರೆ’ಗೆ ಈ ಉಪನಿಯಮದ ತಡೆಯಿಲ್ಲ. ಎರಡೂ ಭಾಷೆ ಬಲ್ಲ ಹುಬ್ಬಳ್ಳಿಯ ಗಿರಾಕಿಗೆ ಅವೆರಡೂ ಒಂದೇ!

ಟ್ರೇಡ್‌ಮಾರ್ಕ್ ನೋಂದಾಯಿಸಿದವರು 16ನೇ ಕಲಮಿನ ಮೊರೆ ಹೋಗಬಹುದಾದರೂ, ಹೊಸ ಕಂಪನಿ ನೋಂದಣಿಯಾದ 3 ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಸಣ್ಣ ಉದ್ಯಮಿಗೆ ಸುಳಿವು ಸಿಗುವಷ್ಟರಲ್ಲಿ ಅವಧಿ ಮುಗಿದಿರುವುದುಂಟು. ಸಂವಿಧಾನದ 8ನೇ ಪರಿಚ್ಛೇದದ ಎಲ್ಲ ಭಾಷೆಗಳನ್ನೂ ಈ ನಿಯಮಕ್ಕೆ ಸೇರಿಸಲು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಮುಂದಾಗಬೇಕು.