ಕೋಡಿ ನೀರಿಗೆ ದಾರಿ ಬಿಡಿ

ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಹೆಂಗಸರು ಅರಿಸಿನ ಕುಂಕುಮ ಹಿಡಿದು ಏರಿ ಹತ್ತುತ್ತಾರೆ, ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ, ಹುಡುಗರು ಕೋಡಿಕಲ್ಲಿನ ಕೆಳಗೆ ಮೀನಿಗೆ ಕಾಯುತ್ತಾರೆ. ಯಲಹಂಕ ಕೆರೆ ಕೋಡಿ ಬಿದ್ದ ದಿನ ಮಾತ್ರ ಎನ್‌ಡಿಆರ್‌ಎಫ್ ದೋಣಿ ಬರುತ್ತದೆ.

2021ರ ನವೆಂಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳಿಗೂ ನೀರು ನುಗ್ಗಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ, ರಾಜಕಾಲುವೆ ಅಗಲ ಮಾಡಿಸುತ್ತೇವೆ ಎಂದರು. ಮೂರು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರ್ 22ರಂದು, ಕೇಂದ್ರೀಯ ವಿಹಾರದ 600 ಮನೆಗಳ ಜನ ಮತ್ತೆ ನೀರಿನ ನಡುವೆ ಎದ್ದರು. ಕಾರುಗಳು ನೆಲಮಹಡಿಯಲ್ಲೇ ಮುಳುಗಿದವು. ವಯಸ್ಸಾದವರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಈ ಸಲ ಬಂದು ನೋಡಿದವರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. ಪಕ್ಷ ಬದಲಾಯಿತು, ನೀರು ಬರುವ ದಾರಿ ಬದಲಾಗಲಿಲ್ಲ.

ಮಳೆ ಅತಿಯಾಯಿತು ಎನ್ನುವವರಿದ್ದಾರೆ. ಸುಳ್ಳಲ್ಲ. ಆ ರಾತ್ರಿ ಯಲಹಂಕದಲ್ಲಿ 150 ಮಿಲಿಮೀಟರ್ ಮೀರಿ ಸುರಿಯಿತು. ಲೆಕ್ಕ ಹಾಕಿ ನೋಡಿ: ಅಷ್ಟು ಮಳೆ ಒಂದು ಎಕರೆಗೆ ಬಿದ್ದರೆ 6 ಲಕ್ಷ ಲೀಟರ್, ಅಂದರೆ 6,000 ಲೀಟರಿನ ನೂರು ಟ್ಯಾಂಕರ್. ಅದೇ ವರ್ಷ ಮಾರ್ಚ್‌ನಲ್ಲಿ ಒಂದೊಂದು ಟ್ಯಾಂಕರಿಗೂ ಜನ ಪರದಾಡಿದ ನಗರ ಇದು. ಹವಾಮಾನ ಕೆಟ್ಟಿದೆ, ಇಂಥ ಮಳೆ ಇನ್ನೂ ಬರುತ್ತದೆ. ಹಾಗೆಂದೇ ನೀರಿಗೆ ಹೆಚ್ಚು ಜಾಗ ಬೇಕು ಎನ್ನುತ್ತಿದ್ದೇನೆ.

ಯಲಹಂಕ ಕೆರೆ ತುಂಬಿದರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ, ಹಾಗೇ ಇಳಿದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿಯಿಲ್ಲದ ಈ ದಿಣ್ಣೆಯ ಊರಿಗೆ ನೂರಾರು ವರ್ಷ ಅನ್ನ ಹಾಕಿದ್ದು ಈ ಸರಪಳಿ. ಮೇಲಿನ ಪುಟ್ಟ ಕುಂಟೆಗಳು ಮೊದಲ ನೀರನ್ನು ಹಿಡಿಯುತ್ತಿದ್ದವು, ದೊಡ್ಡ ಕೆರೆಗಳು ಉಳಿದದ್ದನ್ನು. ಕೋಡಿಯ ಕೆಳಗೆ ಗದ್ದೆ ಇರುತ್ತಿತ್ತು, ಮನೆ ಇರುತ್ತಿರಲಿಲ್ಲ. ಗದ್ದೆ ಎರಡು ದಿನ ನೀರಲ್ಲಿ ನಿಂತರೂ ತಾಳುತ್ತದೆ, ಲಿಫ್ಟಿನ ಗುಂಡಿ ತಾಳುವುದಿಲ್ಲ. ಹಳೆಯ ಗ್ರಾಮನಕ್ಷೆ ಬಿಡಿಸಿ ನೋಡಿದರೆ ಕೆರೆ, ಕಾಲುವೆ, ಖರಾಬು ಎಲ್ಲವೂ ಗೆರೆಗೆರೆಯಾಗಿ ಕಾಣುತ್ತವೆ. ಪ್ರವಾಹ ತಡೆಯುವ ಯೋಜನೆಯ ಮೊದಲ ಪುಟ ಅದೇ, ಭೂದಾಖಲೆ ಕಚೇರಿಯಲ್ಲೇ ಇದೆ.

ಹೊಸ ಯೋಜನೆಯೂ ಇದೆ. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. ಏಳು ವಲಯ, 266 ಕ್ರಮಗಳು. ಅದನ್ನು ಬರೆದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಕೆರೆ ಸಂರಕ್ಷಣಾ ಪ್ರಾಧಿಕಾರದ ತಿದ್ದುಪಡಿ ಮಸೂದೆ ಆ ಯೋಜನೆಯ ಬುಡಕ್ಕೇ ಕೊಡಲಿ ಹಾಕುತ್ತದೆ. ಅಲ್ಲಿಯವರೆಗೆ ಕೆರೆ ಚಿಕ್ಕದಿರಲಿ ದೊಡ್ಡದಿರಲಿ ಸುತ್ತ 30 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟಬಾರದ ಅಂಚು, ಇತ್ತು. ಮಸೂದೆಯಲ್ಲಿ 100 ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್. 25ರಿಂದ 100 ಎಕರೆಯದಕ್ಕೆ 24, 10ರಿಂದ 25 ಎಕರೆಯದಕ್ಕೆ 12, 1ರಿಂದ 10 ಎಕರೆಯದಕ್ಕೆ ಬರೀ 6 ಮೀಟರ್. ಆರು ಮೀಟರ್ ಎಂದರೆ ಎರಡು ಕಾರು ಎದುರುಬದುರಾಗಿ ಹೋಗುವ ಬಡಾವಣೆಯ ರಸ್ತೆ.

ಕೆರೆ ಚಿಕ್ಕದಾದರೆ ಬಫರ್ ಯಾಕೆ ಅಷ್ಟು ಬೇಕು, ರಸ್ತೆ, ಒಳಚರಂಡಿ, ನೀರಿನ ಕೊಳವೆಗೆ ಜಾಗ ಬೇಡವೇ ಎಂಬುದು ಸರ್ಕಾರದ ಕಡೆಯ ವಾದ. ಕೊಳವೆ ಹಾಯಿಸಲು ಬೇಕಾದ ವಿನಾಯಿತಿಯನ್ನು ಬಫರ್ ಕಡಿಯದೆಯೇ ಕೊಡಬಹುದು. ಚಿಕ್ಕ ಕೆರೆಯ ಮಾತಿಗೆ ಬಂದರೆ, ಬೇಗ ತುಂಬಿ ಬೇಗ ಉಕ್ಕುವುದೇ ಚಿಕ್ಕ ಕೆರೆ. ಅಂಚಿನ ಜಾಗ ಅದಕ್ಕೇ ಹೆಚ್ಚು ಬೇಕು. ಮೇಲಿನ ಹತ್ತು ಕುಂಟೆಗಳ ಅಂಚು ಕಟ್ಟಡವಾದರೆ ಆ ನೀರೆಲ್ಲ ಒಂದೇ ಗಂಟೆಯಲ್ಲಿ ಯಲಹಂಕ ಕೆರೆಗೆ ಬಂದು ಬೀಳುತ್ತದೆ, ಅಲ್ಲಿಂದ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಎರಡು ಸಲ ನೋಡಿದ್ದೇವೆ.

ಗೆರೆ ಒಳಗೆ ಎಳೆಯುವ ಈ ಚಾಳಿ ಬೆಂಗಳೂರಿನದ್ದಷ್ಟೇ ಆಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಜನದಟ್ಟಣೆಯ ಗ್ರಾಮೀಣ ತೀರದಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಅತ್ತ ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಕಡಲು ಮನೆಯಂಗಳ ಕೊರೆಯುತ್ತದೆ, ಲಾರಿಗಟ್ಟಲೆ ಬಂಡೆ ತಂದು ಸುರಿಯುತ್ತಾರೆ. ಕಡಲಿಗಾಗಲಿ ಕೆರೆಗಾಗಲಿ ಜಾಗ ಕಸಿದುಕೊಂಡು ಆಮೇಲೆ ಕಲ್ಲು, ಕಾಂಕ್ರೀಟು ಸುರಿಯುವುದಕ್ಕೆ ನಮ್ಮ ತೆರಿಗೆಯೇ ಹೋಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮಂಜೂರಾದ ನಕ್ಷೆ ನೋಡಿ, ಬ್ಯಾಂಕ್ ಸಾಲ ಪಡೆದು, ದುಡಿದ ದುಡ್ಡು ಹಾಕಿದ ಜನ ಅವರು. ಕೆರೆಗೆ ಜಾಗ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಹತ್ತಿರದಲ್ಲೇ ಇದೆ. ನಾನು ಜಕ್ಕೂರು ಕೆರೆಯ ಏರಿ ಮೇಲೆ ಬೆಳಗ್ಗೆ ನಡೆಯುವವನು. ಸಂಸ್ಕರಿಸಿದ ನೀರು ಜೊಂಡು ಹುಲ್ಲಿನ ಜೌಗಿನೊಳಗೆ ಸೋಸಿ ಕೆರೆಗೆ ಸೇರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. 160 ಎಕರೆಯ ಆ ಕೆರೆ ಬದುಕಿ ಬಂದದ್ದು ಅದಕ್ಕೆ ಜಾಗ ಉಳಿದದ್ದರಿಂದ, ಕಾಯುವ ಜನ ಇದ್ದದ್ದರಿಂದ.

ಬಿಬಿಎಂಪಿ ಹೋಗಿ ಈಗ ಬೆಂಗಳೂರು ಉತ್ತರ ನಗರ ಪಾಲಿಕೆ ಬಂದಿದೆ. ಯಲಹಂಕದ ಮೇಲಿನ ಪ್ರತಿ ಕುಂಟೆಯ, ಪ್ರತಿ ಕಾಲುವೆಯ ಹದ್ದುಬಸ್ತು ಮಾಡಿ ಮುಂದಿನ ಮುಂಗಾರಿನೊಳಗೆ ಕಲ್ಲು ನೆಡಿಸಲಿ. ಸರ್ಕಾರ ಬಫರ್ ಕಡಿತವನ್ನು ಕೈಬಿಡಲಿ. ಉತ್ತರ ಬೆಂಗಳೂರಿನಲ್ಲಿ ಮನೆ ನೋಡಲು ಹೊರಟಿದ್ದೀರಾದರೆ, ಮುಂಗಡ ಕೊಡುವ ಮೊದಲು ಆ ಸರ್ವೆ ನಂಬರಿನ ಗ್ರಾಮನಕ್ಷೆ ತೆಗೆಸಿ, ಕೋಡಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಿ.