ಸೈಕಲ್ ಬಂತು, ದಾರಿ ಬರಲಿಲ್ಲ
ಕುರುಗೋಡಿನ ಬೆಟ್ಟಗಳನ್ನು ಬಿಟ್ಟರೆ ಬಳ್ಳಾರಿ ಸೀಮೆಯ ಬಾದನಹಟ್ಟಿ ಸುತ್ತಲಿನದು ಎರೆಹೊಲದ ಬಯಲು. ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿದಾಗ ಈ ಸೀಮೆಯ ಹಳ್ಳಿಗಳಿಗೂ ಅವು ಬಂದವು. ಕ್ಯಾರಿಯರ್‌ಗೆ ಪಾಟೀಚೀಲ ಸಿಕ್ಕಿಸಿ, ಮುಂದಿನ ಬುಟ್ಟಿಯಲ್ಲಿ ಬುತ್ತಿ ಇಟ್ಟು ಹೊರಟ ಹುಡುಗಿಯರಿಗೆ ಬಸ್ಸಿನ ಹಂಗು ತಪ್ಪಿತು. ಆದರೆ ಅವರಿಗೊಂದು ದಾರಿ ಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಹಿಂದಿನಿಂದ ಲಾರಿ ಹಾರನ್ ಹೊಡೆದರೆ ರಸ್ತೆಯಂಚಿನ ಮಣ್ಣಿಗಿಳಿಯುವುದೇ ಗತಿ. ಕೊರೊನಾ ಕಾಲದಲ್ಲಿ ಸೈಕಲ್ ಹಂಚಿಕೆಯೂ ನಿಂತಿತು. ಅದಕ್ಕೂ ಮೊದಲೇ ಮೈಸೂರು ನಗರ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಲ್ಲಿ 450 ಬಾಡಿಗೆ ಸೈಕಲ್‌ಗಳನ್ನು ಬೀದಿಗಿಳಿಸಿತು. ಅಲ್ಲಿ ಸಾಲುಮರಗಳ ನೆರಳುಂಟು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಗೆ ಅದರ ನಕಲು ಸಾಲದು. ಇಲ್ಲಿ ಮೊದಲು ಬೇಕಾದ್ದು ಬೇವಿನ ಮರ, ಆಮೇಲೆ ಬಣ್ಣ ಬಳಿದ ಸೈಕಲ್ ಪಥ. ಪಾದಚಾರಿಯದೂ ಇದೇ ಪಾಡು: ಫುಟ್‌ಪಾತ್ ಇದ್ದಲ್ಲಿ ಬೈಕು ನಿಂತಿರುತ್ತದೆ, ಬೈಕಿಲ್ಲದ ಕಡೆ ಚರಂಡಿ ಬಾಯ್ದೆರೆದಿರುತ್ತದೆ. ಮಾರ್ಚ್ ಮಧ್ಯಾಹ್ನ ಬಳ್ಳಾರಿಯ ರಾಯಲ್ ಸರ್ಕಲ್ ದಾಟುವ ಮುದುಕಿ ಸೆರಗನ್ನು ತಲೆಗೆಳೆದುಕೊಂಡು, ವಾಹನಗಳಿಗೆ ಅಂಗೈ ತೋರಿಸುತ್ತಲೇ ನಡೆಯುತ್ತಾಳೆ. ಸಿಗ್ನಲ್‌ಗಿಂತ ಆ ಕೈಯೇ ವಾಸಿ.